ಪಂಡಿತಾ ರಮಾಬಾಯಿಯವರೂ ಧೈರ್ಯದ ಮೂಲವೂ

(ಮಹೋತ್ಸವದ ಮೂರನೆಯ ದಿನದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನಾನೂ ಎರಡು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ, ವಿಷಯವು ಯಾವುದೆಂದು ಸನ್ನಿಧಿಯಲ್ಲಿ ವಿಜ್ಞಾಪಿಸಿಕೊಂಡೆನು. ಕಷ್ಟಕಾಲದಲ್ಲಿ ಮನುಷ್ಯನಿಗೆ ಧೈರ್ಯವು ಹೇಗೆ ಬರುವುದೆಂಬುದನ್ನು ಕುರಿತು ಹೇಳಿರಿ, ಯಾರ ಚರಿತ್ರೆಯನ್ನಾದರೂ ಆರಿಸಿಕೊಳ್ಳಿರಿ ಎಂದು ಅಪ್ಪಣೆಯಾಯಿತು. ನಾನು ಆರಿಸಿಕೊಂಡುದು ಕ್ರೈಸ್ತಮತವನ್ನು ಅವಲಂಬಿಸಿದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು. ಈ ಸಂಗತಿಯು ನಿನ್ನೆಯ ಸಂಜೆ ಹೇಗೋ ಮಠದ ಕಟ್ಟೆಯವರೆಗೂ ಹೋಗಿ, ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಏನ್ರೀ ಮಾಸ್ತರ, ನಮ್ಮ ಶರಣರ ಮನೆಯಲ್ಲಿ ಧೈರ್ಯಕ್ಕೇನು ಬರ ಬಿದ್ದಿತೇ? ಪರರ ಹಗೇವಿಗೆ ಏಕೆ ಹೋದಿರಿ?” ಎಂದು ಕೇಳಿದರು. ಅವರ ಪ್ರಶ್ನೆಯು ನ್ಯಾಯವಾದುದೇ. ನಮ್ಮ ಮನೆಯಲ್ಲಿ ಬರವಿಲ್ಲ. ಆದರೆ ದಿನವೂ ಕಾಣುವ ದೀಪವನ್ನು ಕಣ್ಣು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ನೆರೆಮನೆಯ ದೀಪವನ್ನು ಕಂಡು ಬಂದ ಮೇಲೆ ನಮ್ಮ ದೀಪದ ಬತ್ತಿಯನ್ನು ತಿದ್ದುವ ಮನಸ್ಸಾಗುತ್ತದೆ. ಅಲ್ಲದೆ ಈ ನೆರೆಮನೆಯು ದೂರದ್ದೇನೂ ಅಲ್ಲ. ಆ ಹೆಣ್ಣುಮಗಳು ಹುಟ್ಟಿದ್ದು ನಮ್ಮ ಕನ್ನಡನಾಡಿನ ಕಾಡಿನಲ್ಲಿಯೇ.

ಆದರೂ ನಾನು ಅವರನ್ನು ಆರಿಸಿಕೊಂಡುದಕ್ಕೆ ಬೇರೊಂದು ಕಾರಣವುಂಟು; ಅದನ್ನು ಮರೆಮಾಚಿ ಮುಂದುವರಿದರೆ ಈ ಉಪನ್ಯಾಸವು ಬರಿಯ ಬಾಯಿಮಾತಾದೀತು. ಮೂರು ವರ್ಷಗಳ ಹಿಂದೆ ನನ್ನ ಹಿರಿಯ ಮಗಳು ಹದಿನೇಳು ದಿನಗಳ ಜ್ವರದಲ್ಲಿ ತೀರಿಕೊಂಡಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಮನೆಗೆ ಬಂದವರೆಲ್ಲರೂ, ಬೇರೇನು ಹೇಳಲೂ ತೋಚದೆ, “ಧೈರ್ಯ ತಂದುಕೊಳ್ಳಿರಿ” ಎಂದೇ ಹೇಳಿ ಹೋಗುತ್ತಿದ್ದರು. ನಾನೂ ಎಷ್ಟು ಮನೆಗಳಿಗೆ ಹೋಗಿ ಇದೇ ಮಾತನ್ನು ಹೇಳಿ ಬಂದಿದ್ದೆನೋ ಲೆಕ್ಕವಿಲ್ಲ. ಹನ್ನೊಂದನೆಯ ದಿನವೋ ಏನೋ, ಪಕ್ಕದ ಮನೆಯ ಹಿರಿಯ ತಾಯಿಯೊಬ್ಬರು ನನ್ನ ಮನೆಯವಳ ಬಳಿ ಕುಳಿತು ಹಾಗೆಯೇ ಹೇಳಿದಾಗ, ಅವಳು ತಲೆಯೆತ್ತಿ, “ತಂದುಕೋ ತಂದುಕೋ ಅಂತೀರಲ್ಲ ಅಕ್ಕಾ, ಎಲ್ಲಿಂದ ತರಲಿ?” ಎಂದು ಕೇಳಿದಳು. ಅಲ್ಲಿದ್ದ ಯಾರೂ ಉತ್ತರ ಹೇಳಲಿಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ನನಗೂ ಉತ್ತರ ತಿಳಿದಿರಲಿಲ್ಲ. ಕೆಲವು ದಿನಗಳ ತರುವಾಯ ನನ್ನ ಸಹೋಪಾಧ್ಯಾಯರಾಗಿದ್ದ ಕ್ರೈಸ್ತ ಮಿತ್ರರೊಬ್ಬರು ಬಂದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಹೋಗುವಾಗ ಒಂದು ಚಿಕ್ಕ ಪುಸ್ತಕವನ್ನು ಜಗಲಿಯ ಮೇಲಿಟ್ಟು ಹೋದರು. ಅದು ರಮಾಬಾಯಿಯವರು 1907ರಲ್ಲಿ ಬರೆದ ತಮ್ಮ ಜೀವನದ ಸಾಕ್ಷ್ಯವಾಗಿತ್ತು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸೀಮೆಯ ಮಾಳ ಗ್ರಾಮದವರು. ಪುಣೆಯಲ್ಲಿ ಓದುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ರಾಣೀವಾಸದ ಒಬ್ಬ ಸ್ತ್ರೀಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡು, ಹೆಂಗಸರಿಗೂ ಈ ವಿದ್ಯೆಯು ಬರಬಲ್ಲುದೆಂದು ಅವರಿಗೆ ಮನಗಂಡಿತು. ತಮ್ಮ ಎರಡನೆಯ ಹೆಂಡತಿಯಾದ ಲಕ್ಷ್ಮೀಬಾಯಿಗೆ ಕಲಿಸಲಾರಂಭಿಸಿದರು. ಮನೆಯವರೂ ಊರವರೂ ಸಹಿಸಲಿಲ್ಲ. ಜಗಳವಾಡುವುದಕ್ಕಿಂತ ಕಾಡೇ ಮೇಲೆಂದು ಆ ಶಾಸ್ತ್ರಿಗಳು ಎಳೆಯ ಹೆಂಡತಿಯನ್ನು ಕರೆದುಕೊಂಡು ಸಹ್ಯಾದ್ರಿಯ ಗಂಗಾಮೂಲದ ಅರಣ್ಯಕ್ಕೆ ಹೋಗಿ ಗುಡಿಸಲು ಕಟ್ಟಿದರು. ಮೊದಲನೆಯ ರಾತ್ರಿ ಹುಲಿಯ ಕೂಗನ್ನು ಕೇಳಿ ಆ ಹುಡುಗಿಯು ಹೊದಿಕೆಯೊಳಗೆ ನಡುಗುತ್ತಿದ್ದಳಂತೆ, ಗಂಡನು ಬೆಳಗಾಗುವವರೆಗೂ ಕಾವಲು ಕುಳಿತಿದ್ದನಂತೆ. ಆ ಕಾಡಿನಲ್ಲಿಯೇ 1858ರಲ್ಲಿ ರಮಾಬಾಯಿ ಹುಟ್ಟಿದರು.

ಬಂದ ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಅನ್ನವಿಕ್ಕಿ ಇಕ್ಕಿ ಶಾಸ್ತ್ರಿಗಳು ಸಾಲಗಾರರಾದರು. ಕೂಸಿಗೆ ಆರು ತಿಂಗಳಾಗಿದ್ದಾಗ ಅದನ್ನು ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು, ಸಂಸಾರವೆಲ್ಲವೂ ತೀರ್ಥಯಾತ್ರೆಗೆ ಹೊರಟಿತು. ಆ ಯಾತ್ರೆಯು ಮುಗಿಯಲೇ ಇಲ್ಲ. ದೇವಸ್ಥಾನಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣವನ್ನೋದಿ, ಕೇಳಿದವರು ಕೊಟ್ಟುದರಿಂದ ಜೀವನ ನಡೆಯುತ್ತಿತ್ತು. ಮಗಳಿಗೆ ತಾಯಿಯೇ ಗುರು. ಬೆಳಗಿನ ಜಾವದಲ್ಲಿ ಮನೆಗೆಲಸಕ್ಕೆ ಮೊದಲು ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಹೀಗೆ ನಡೆಯುತ್ತ ನಡೆಯುತ್ತಲೇ ಪುರಾಣಗಳ 18,000 ಶ್ಲೋಕಗಳು ಆ ಹುಡುಗಿಗೆ ಕಂಠಪಾಠವಾದುವು. ಮರಾಠಿಯ ಜೊತೆಗೆ ಕನ್ನಡ, ಹಿಂದುಸ್ತಾನಿ ಭಾಷೆಗಳೂ ದಾರಿಯಲ್ಲಿಯೇ ದೊರೆತುವು.

ಇನ್ನು ಬರಗಾಲದ ಸಂಗತಿ. ಇದನ್ನು ಸಾವಕಾಶವಾಗಿ ಹೇಳಬೇಕಾಗಿದೆ. ಏಕೆಂದರೆ ಮುಂದಿನದೆಲ್ಲವೂ ಇದರೊಳಗೇ ಅಡಗಿದೆ. 1874ರ ಸುಮಾರಿಗೆ ದಕ್ಷಿಣ ದೇಶದಲ್ಲಿ ಮಳೆ ಹೋಯಿತು. ಪುರಾಣ ಕೇಳುವವರಿಗೇ ಅನ್ನವಿಲ್ಲದಿರುವಾಗ ಪೌರಾಣಿಕನಿಗೆ ಕೊಡುವವರು ಯಾರು? ಕೈಯಲ್ಲಿದ್ದ ಹಣವು ದಾನಕ್ಕೂ ವ್ರತಗಳಿಗೂ ತೀರಿತು, ಒಡವೆಗಳು ಹೋದುವು, ಬಟ್ಟೆಪಾತ್ರೆಗಳೂ ಹೋದುವು. ಶಾಸ್ತ್ರಿಗಳಿಗೆ ಮುಪ್ಪು, ಕಣ್ಣು ಕಾಣಿಸದು. ಇಷ್ಟಾದರೂ ಆ ಮನೆಯವರು ಕೂಲಿಗೆ ಹೋಗಲಿಲ್ಲ, ಭಿಕ್ಷೆ ಬೇಡಲೂ ಅವರಿಂದ ಆಗಲಿಲ್ಲ. ಕಲಿತ ವಿದ್ಯೆಯೇ ಅವರ ಕೈಗಳನ್ನು ಕಟ್ಟಿಹಾಕಿತ್ತು. ಇದನ್ನು ರಮಾಬಾಯಿಯವರೇ ಮುಂದೆ ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾರೆ. ತಿರುಪತಿಯ ಕಡೆಯ ಕಾಡನ್ನು ಹೊಕ್ಕು ಅಲ್ಲಿಯೇ ಪ್ರಾಣ ಬಿಡೋಣವೆಂದು ಅವರು ನಿಶ್ಚಯಿಸಿದರು. ಹನ್ನೊಂದು ಹಗಲು ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿಯಷ್ಟು ಕಾಡು ಈಚಲ ಹಣ್ಣು, ಇವುಗಳಿಂದಲೇ ಜೀವ ಹಿಡಿದರು. ತಂದೆಯು ಜಲಸಮಾಧಿಗೆ ಸಿದ್ಧರಾದರು. ಆಗ ಮಗನಾದ ಶ್ರೀನಿವಾಸನು ಜಾತಿಯ ಅಭಿಮಾನವನ್ನು ಬಿಟ್ಟು ತಾನು ಕೂಲಿ ಮಾಡುವೆನೆಂದು ಹೇಳಿ ತಡೆದನು. ಆದರೆ ಆ ವೇಳೆಗೆ ಹೊತ್ತು ಮೀರಿತ್ತು. ತಂದೆ ಜ್ವರದಿಂದ ತೀರಿಕೊಂಡರು. ಸಾಯುವ ಮುನ್ನ ಕಿರಿಯ ಮಗಳನ್ನು ಎದೆಗಪ್ಪಿ, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಅವನಿಗೇ ಸೇರಿದವಳಾಗಿ ಬಾಳು ಎಂಬರ್ಥದ ಮಾತನ್ನು ಹೇಳಿದರು. ಕೆಲವೇ ತಿಂಗಳಲ್ಲಿ ತಾಯಿಯೂ ಹೋದರು. ತರುವಾಯ ಅಕ್ಕನು ವಾಂತಿಭೇದಿಯ ಬೇನೆಯಿಂದ ಸತ್ತಳು. ಆಗ ರಮಾಬಾಯಿಗೆ ಹದಿನಾರೋ ಹದಿನೇಳೋ ವಯಸ್ಸು.

ಉಳಿದವರು ಅಣ್ಣ ತಂಗಿ ಇಬ್ಬರೇ. ಅವರು ದಕ್ಷಿಣದಿಂದ ಪಂಜಾಬಿನವರೆಗೂ ಕಾಲ್ನಡಿಗೆಯಲ್ಲಿ ಹೋದರು. ಝೇಲಂ ನದಿಯ ದಡದಲ್ಲಿ ಚಳಿ ತಾಳಲಾರದೆ, ಗೋರಿಯ ಹಾಗೆ ಎರಡು ಕುಳಿಗಳನ್ನು ತೋಡಿ, ಕೊರಳವರೆಗೆ ಒಣಮರಳನ್ನು ಎಳೆದುಕೊಂಡು ಮಲಗುತ್ತಿದ್ದರೆಂದು ಬರೆದಿದ್ದಾರೆ. ಇಷ್ಟು ವ್ರತಗಳನ್ನು ಮಾಡಿದ ತಂದೆತಾಯಿಗಳಿಗೆ ಈ ಗತಿಯಾಯಿತಲ್ಲ ಎಂಬ ಸಂದೇಹವು ಈ ಪ್ರಯಾಣದಲ್ಲಿ ಅವರಿಬ್ಬರ ಮನಸ್ಸಿನಲ್ಲಿಯೂ ಬೇರೂರಿತು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಈ ಹುಡುಗಿಯ ಸಂಸ್ಕೃತವನ್ನು ಕೇಳಿ ಬೆರಗಾಗಿ “ಪಂಡಿತಾ” ಎಂದೂ “ಸರಸ್ವತೀ” ಎಂದೂ ಬಿರುದುಗಳನ್ನಿತ್ತರು. ಎರಡು ವರ್ಷಗಳಲ್ಲಿ, 1880ರಲ್ಲಿ, ಅಣ್ಣನೂ ತೀರಿಕೊಂಡನು. ಅವನ ಮರಣಶಯ್ಯೆಯ ಒಂದು ಸಂಗತಿಯನ್ನು ನಾನು ಅನೇಕ ಸಲ ನೆನೆದಿದ್ದೇನೆ. ತಂಗಿಯು ಒಬ್ಬಂಟಿಯಾಗುವಳಲ್ಲಾ ಎಂದು ಅವನು ಹಲುಬುತ್ತಿದ್ದನು. ನಿನ್ನನ್ನೂ ನನ್ನನ್ನೂ ನೋಡಿಕೊಳ್ಳುವವನು ದೇವರೊಬ್ಬನೇ ಅಲ್ಲವೇ ಎಂದು ತಂಗಿ ಹೇಳಿದಳು. ಹಾಗಾದರೆ ಇನ್ನು ಹೆದರಿಕೆಯಿಲ್ಲವೆಂದು ಅವನು ಸಮಾಧಾನ ಹೊಂದಿದನು. ಮಹನೀಯರೇ, ಆಗ ರಮಾಬಾಯಿಯವರು ಕ್ರೈಸ್ತರಾಗಿರಲಿಲ್ಲ. ಹಿಂದಿನ ಪೂಜೆಗಳಲ್ಲಿ ನಂಬಿಕೆ ಹೋಗಿತ್ತು, ಹೊಸದು ಬಂದಿರಲಿಲ್ಲ. ಆದರೂ ಆ ಮಾತು ಅವರ ಬಾಯಿಂದ ಬಂದಿತು. ಅವರ ಧೈರ್ಯವೆಲ್ಲವೂ ಮಿಶನರಿಗಳಿಂದ ಬಂದಿತೆಂದು ಹೇಳುವವರೂ, ಕ್ರೈಸ್ತಮತಕ್ಕೂ ಅವರ ಧೈರ್ಯಕ್ಕೂ ಸಂಬಂಧವಿಲ್ಲವೆಂದು ಹೇಳುವವರೂ ಈ ಸಂಗತಿಯನ್ನು ಗಮನಿಸುವುದೊಳ್ಳೆಯದು.

ಅದೇ ವರ್ಷ ಅವರು ಜಾತಿಯನ್ನು ಮೀರಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿ ಎಂಬವರನ್ನು ಸರಕಾರದ ಕಾಯಿದೆಯ ಮೇರೆಗೆ ಮದುವೆಯಾದರು. 1881ರಲ್ಲಿ ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನೂ ವಾಂತಿಭೇದಿಗೆ ತುತ್ತಾದನು. ಇಪ್ಪತ್ತನಾಲ್ಕು ತುಂಬುವುದರೊಳಗಾಗಿ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಐವರೂ ಹೋದರು; ತೋಳಿನಲ್ಲಿ ಒಂದು ಹೆಣ್ಣುಕೂಸು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರಿಗೆ ಮೊದಲೇ ಸಿಕ್ಕಿತ್ತು. ಅವರು ಅದರ ಕಡೆಗೆ ಒಲಿಯುವುದು ಗಂಡನಿಗೆ ಹಿಡಿಸಿರಲಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದುದು, ಸ್ತ್ರೀಯರಿಗೆ ಸ್ತ್ರೀ ವೈದ್ಯರು ಬೇಕೆಂದು ಹಂಟರ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದುದು, ಇವೆಲ್ಲ ಬಹು ಜನರಿಗೆ ತಿಳಿದುವು. 1883ರಲ್ಲಿ ತಮ್ಮ “ಸ್ತ್ರೀಧರ್ಮನೀತಿ” ಎಂಬ ಪುಸ್ತಕದ ಹಣದಿಂದ ಹಡಗಿನ ಬಾಡಿಗೆಯನ್ನು ಕೊಟ್ಟು ಇಂಗ್ಲೆಂಡಿಗೆ ಹೋದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂಬುದು ಉದ್ದೇಶವಾಗಿತ್ತು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ, ಅವರಿಗೆ ಮರಾಠಿಯನ್ನು ಕಲಿಸುತ್ತ ಇದ್ದರು.

ಅಲ್ಲಿ ಎರಡು ಸಂಗತಿಗಳು ಅವರ ಮನಸ್ಸನ್ನು ತಿರುಗಿಸಿದುವು. ಆ ಸಂನ್ಯಾಸಿನಿಯರು ಲಂಡನ್ನಿನ ಬಳಿ ಫುಲ್‌ಹ್ಯಾಮ್ ಎಂಬಲ್ಲಿ, ದಾರಿ ತಪ್ಪಿದ ಹೆಂಗಸರಿಗಾಗಿ ಒಂದು ಆಶ್ರಯಗೃಹವನ್ನು ನಡೆಸುತ್ತಿದ್ದರು. ಸಮಾಜವು ಹೊಸಲಿನಾಚೆಗೆ ತಳ್ಳಿದವರನ್ನು ಕೈಹಿಡಿದು ಕೂರಿಸಿಕೊಂಡು ಮಾತನಾಡಿಸುವುದನ್ನು ರಮಾಬಾಯಿ ಮೊದಲ ಬಾರಿಗೆ ಕಂಡರು. ಇದಕ್ಕೆ ಕಾರಣವೇನೆಂದು ಕೇಳಲು, ಒಬ್ಬ ಸಂನ್ಯಾಸಿನಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು. ಅದರಲ್ಲಿ ಬರುವ ಕಥೆ ಹೀಗಿದೆ: ಯೇಸುಸ್ವಾಮಿಯು ಬಿಸಿಲಿನಲ್ಲಿ ನಡೆದು ಬಳಲಿ ಸಮಾರ್ಯವೆಂಬ ಸೀಮೆಯ ಒಂದು ಬಾವಿಯ ಬಳಿ ಕುಳಿತಿರುತ್ತಾನೆ. ನೀರಿಗೆ ಬಂದ ಹೆಂಗಸು ಯೆಹೂದ್ಯರು ಮುಟ್ಟಿಸಿಕೊಳ್ಳದ ಜನದವಳು. ಅವಳ ನಡತೆಯೂ ಊರವರ ಬಾಯಿಗೆ ಬಿದ್ದುದು. ಅವನು ಅವಳನ್ನೇ ಕುಡಿಯಲು ನೀರು ಕೇಳುತ್ತಾನೆ. ದೇವರನ್ನು ಈ ಬೆಟ್ಟದಲ್ಲಿ ಪೂಜಿಸಬೇಕೋ ಯೆರೂಸಲೇಮಿನಲ್ಲಿ ಪೂಜಿಸಬೇಕೋ ಎಂದು ಅವಳು ಕೇಳಿದಾಗ, ಆ ಎರಡು ಸ್ಥಳಗಳಿಗೂ ಕಟ್ಟುಬೀಳದ ಪೂಜೆಯ ಮಾತನ್ನು, ಪಂಡಿತರಿಗಲ್ಲ, ಅವಳಿಗೆ ಹೇಳುತ್ತಾನೆ. ಸ್ಥಾವರಕ್ಕೆ ಕಟ್ಟುಬೀಳದ ಭಕ್ತಿಯನ್ನು ಬಲ್ಲ ಈ ಸಭೆಗೆ ಆ ಕಥೆಯನ್ನು ನಾನು ವಿವರಿಸಬೇಕಾಗಿಲ್ಲ. ತೀರ್ಥದಿಂದ ತೀರ್ಥಕ್ಕೆ ನಡೆದು ನಡೆದು ತನ್ನವರನ್ನು ಕಳೆದುಕೊಂಡಿದ್ದ ಆ ತರುಣ ವಿಧವೆಗೆ ಅದು ಹೇಗೆ ಕೇಳಿಸಿರಬೇಕೆಂಬುದನ್ನು ಊಹಿಸಿಕೊಳ್ಳಿರಿ.

ಆದರೆ ದಾರಿಯು ಹೂವಿನದಾಗಿರಲಿಲ್ಲ. ಅವರೊಡನೆ ಇಂಗ್ಲೆಂಡಿಗೆ ಬಂದಿದ್ದ ಆನಂದೀಬಾಯಿ ಭಗತ್ ಎಂಬ ಸಂಗಾತಿಯು, ತಾವು ಬಲವಂತವಾಗಿ ಮತಾಂತರಕ್ಕೆ ಗುರಿಯಾಗುವೆವೆಂಬ ಭೀತಿಯಿಂದ ಬುದ್ಧಿ ಕದಡಿ, ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಈ ಆಘಾತವಾದ ಕೆಲವೇ ವಾರಗಳಲ್ಲಿ, 1883ರ ಸೆಪ್ಟೆಂಬರ್ 29ರಂದು, ರಮಾಬಾಯಿ ಮಗಳೊಡನೆ ದೀಕ್ಷಾಸ್ನಾನ ಮಾಡಿಸಿಕೊಂಡರು. ಸಂಗಾತಿಯ ಸಾವಿಗೂ ಈ ದೀಕ್ಷೆಗೂ ನಡುವಣ ಆ ದಿನಗಳಲ್ಲಿ ಅವರ ಮನಸ್ಸಿನೊಳಗೆ ಏನು ನಡೆಯಿತೆಂಬುದು ಯಾರಿಗೂ ಪೂರ್ತಿ ತಿಳಿಯದು. ನಾನು ಅದರ ಬಾಗಿಲನ್ನು ತಟ್ಟಲಾರೆ. ಅದೇ ಕಾಲದಲ್ಲಿ ಅವರ ಕಿವಿಯೂ ಮಂದವಾಗತೊಡಗಿತು. ವೈದ್ಯವಿದ್ಯೆಯ ಆಸೆಯನ್ನು ಬಿಡಬೇಕಾಯಿತು.

ದೀಕ್ಷೆಯನ್ನು ಪಡೆದ ಮಾತ್ರಕ್ಕೆ ಅವರು ತಮ್ಮ ತಲೆಯನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ತ್ರಯೈಕ್ಯ ಮೊದಲಾದ ಸಿದ್ಧಾಂತಗಳನ್ನು ತಮ್ಮ ಬುದ್ಧಿಗೆ ಒಪ್ಪಿಗೆಯಾಗುವವರೆಗೂ ಒಪ್ಪೆನೆಂದರು. ಒಂದು ಪುರೋಹಿತವರ್ಗದ ನೊಗವನ್ನು ಬಹು ಪ್ರಯಾಸದಿಂದ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆನೆಂದು, ತಮ್ಮನ್ನು ಮಗಳಂತೆ ನೋಡಿಕೊಂಡಿದ್ದ ಸಂನ್ಯಾಸಿನಿಗೇ ಬರೆದರು. ಶಿಲುಬೆಯ ಮೇಲೆ ಲ್ಯಾಟಿನ್ ಭಾಷೆಯ ಅಕ್ಷರಗಳಿರಬಾರದು, ಸಂಸ್ಕೃತವೇ ಇರಬೇಕೆಂದು ವಾದಿಸಿದರು. ಸಸ್ಯಾಹಾರವನ್ನು ಬಿಡಲಿಲ್ಲ, ಮೊಟ್ಟೆ ಸೇರಿದ ತಿಂಡಿಯನ್ನೂ ಮುಟ್ಟಲಿಲ್ಲ. ಇದು ಬರಿಯ ಹಟವೆಂದು ಆ ಬಿಳಿಯ ತಾಯಂದಿರು ನೊಂದುಕೊಂಡರು. ಸ್ವಲ್ಪ ಹಟವೂ ಇದ್ದಿರಬಹುದು. ಆದರೆ ಹುಲಿಯ ಕಾಡಿನಲ್ಲಿ ಹೆಂಡತಿಗೆ ಪಾಠ ಹೇಳಿದ ತಂದೆಯ ಮಗಳಲ್ಲವೇ!

ಕ್ರೈಸ್ತರ ನಂಬಿಕೆಯಿಂದ ಧೈರ್ಯವು ಹೇಗೆ ಹುಟ್ಟುತ್ತದೆಂಬುದನ್ನು, ಹೊರಗಿನವನಾದ ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ. ಅವರ ದೇವರು ದುಃಖವನ್ನು ದೂರದಿಂದ ನೋಡುವವನಲ್ಲ; ತಾನೇ ಮನುಷ್ಯನಾಗಿ ಹಸಿದು, ಬಳಲಿ, ಮಿತ್ರರಿಂದ ಕೈಬಿಡಲ್ಪಟ್ಟು, ಶಿಲುಬೆಯ ಮೇಲೆ ಸತ್ತವನು. ಸಾಯುವ ಮುಂಚಿನ ರಾತ್ರಿ ಅವನೂ ಈ ಪಾತ್ರೆಯು ತನ್ನಿಂದ ತಪ್ಪಲೆಂದು ಬೇಡಿಕೊಂಡನೆಂದು ಅವರ ಗ್ರಂಥವು ಹೇಳುತ್ತದೆ. ಆದುದರಿಂದ ಕಷ್ಟ ಬಂದಾಗ ದೇವರು ನನ್ನನ್ನು ಬಿಟ್ಟನೆಂದು ಕ್ರೈಸ್ತನು ತಿಳಿಯಬೇಕಾಗಿಲ್ಲ. ತಾನು ಹೋಗುವ ಕತ್ತಲೆಗೆ ಅವನು ಮೊದಲೇ ಹೋಗಿ ಬಂದಿದ್ದಾನೆಂದು ತಿಳಿಯುತ್ತಾನೆ. ರಮಾಬಾಯಿಯವರಿಗೆ ಇದು ದೀಕ್ಷೆಯ ದಿನವೇ ಸಿಕ್ಕಲಿಲ್ಲ. ಮೊದಲು ತನಗೆ ಕ್ರೈಸ್ತಮತ ದೊರೆಯಿತು, ಕ್ರಿಸ್ತನು ದೊರೆಯಲಿಲ್ಲ. ಎಂಟು ವರ್ಷಗಳಾದ ಮೇಲೆ, 1891ರ ಸುಮಾರಿಗೆ, ಅವನು ದೊರೆತನು ಎಂಬರ್ಥದಲ್ಲಿ ಬರೆದಿದ್ದಾರೆ. ಆ ಎಂಟು ವರ್ಷ ಅವರು ಏನು ಮಾಡಿದರೆಂದರೆ, ನಂಬಿಕೆ ಪೂರ್ತಿಯಾಗಲೆಂದು ಕಾದು ಕುಳಿತುಕೊಳ್ಳದೆ ಕೆಲಸ ಮಾಡಿದರು. ಅಮೆರಿಕೆಗೆ ಹೋದರು; 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಹಿಂದೂ ವಿಧವೆಯರ ಸ್ಥಿತಿಯನ್ನು ಅಲ್ಲಿಯ ಜನಕ್ಕೆ ತಿಳಿಸಿದರು; ಬೋಸ್ಟನ್ ನಗರದಲ್ಲಿ ಹತ್ತು ವರ್ಷಗಳ ಸಹಾಯಕ್ಕಾಗಿ ಒಂದು ಸಂಘವೇರ್ಪಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು.

ಇಲ್ಲಿ ಒಂದು ಕಹಿಯಾದ ಸಂಗತಿಯಿದೆ. ಅದನ್ನು ಬಿಟ್ಟುಬಿಡುವುದು ಸುಲಭ. ಆದರೆ ಕಟ್ಟೆಯ ಮೇಲಣ ಹಿರಿಯರು ಬಿಡರು, ಬಿಡಲೂ ಬಾರದು. ಸದನದಲ್ಲಿ ಮತಬೋಧೆ ನಡೆಯದೆಂದು ಮಾತಾಗಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಬರಬೇಕೆಂದವರು ಬಂದು ಕುಳಿತುಕೊಳ್ಳುತ್ತಿದ್ದರು. ಕೆಲವರ ಮನಸ್ಸು ಅತ್ತ ತಿರುಗಿತು. 1893ರಲ್ಲಿ ಪುಣೆಯೆಲ್ಲವೂ ಕೋಲಾಹಲವಾಯಿತು. ತಿಲಕರ “ಕೇಸರಿ”ಯು ಕಟುವಾಗಿ ಬರೆಯಿತು. ಸಲಹಾಮಂಡಲಿಯಲ್ಲಿದ್ದ ರಾನಡೆ, ಭಾಂಡಾರಕರ ಮೊದಲಾದ ಮಹನೀಯರು ಹೊರಬಂದರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಬಾಗಿಲು ತೆರೆದಿಟ್ಟುದು ಅಪರಾಧವೇ ಎಂದು ಅವರ ಕಡೆಯವರು ಕೇಳುತ್ತಾರೆ. ದಿಕ್ಕಿಲ್ಲದ ಎಳೆಯ ಹುಡುಗಿಯರ ಮುಂದೆ, ಅನ್ನವಿಕ್ಕುವ ತಾಯಿಯ ಕೋಣೆಯ ಬಾಗಿಲು ತೆರೆದಿದ್ದರೆ ಅದು ಸುಮ್ಮನೆ ತೆರೆದ ಬಾಗಿಲಾಗಿ ಉಳಿಯುವುದೇ ಎಂದು ನಾನು ಕೇಳುತ್ತೇನೆ. ಈ ಮಠದ ಪ್ರಸಾದವನ್ನುಂಡು ಓದಿದವನು ನಾನು. ಉಣ್ಣಿಸಿದವರ ಮೇಲೆ ಹುಡುಗನಿಗೆ ಹುಟ್ಟುವ ಭಾವವೆಂಥದೆಂಬುದನ್ನು ಬಲ್ಲೆನು. ಮಾತು ಕೊಟ್ಟ ಮೇಲೆ ಅವರು ಇನ್ನಷ್ಟು ಜಾಗರೂಕರಾಗಿರಬೇಕಿತ್ತೆಂದೇ ನನ್ನ ಅಭಿಪ್ರಾಯ. ಇದರೊಡನೆ ಇನ್ನೊಂದನ್ನೂ ಹೇಳಬೇಕು: ಅದೇ ಸದನದಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆಯು ಕ್ರೈಸ್ತಳಾಗಲಿಲ್ಲ, ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ, ಸ್ತ್ರೀ ವಿದ್ಯಾಭ್ಯಾಸದ ಅವರ ಮಹಾಕಾರ್ಯದಲ್ಲಿ ಸಂಗಾತಿಯಾದಳು. ಊರೆಲ್ಲವೂ ತಿರುಗಿಬಿದ್ದ ಮೇಲೆಯೂ ರಮಾಬಾಯಿ ಸದನವನ್ನು ಮುಚ್ಚಲಿಲ್ಲ.

ನನ್ನ ಮನೆಯವಳ ಪ್ರಶ್ನೆಗೆ ಏನಾದರೂ ಉತ್ತರವಿದ್ದರೆ ಅದು ಮುಂದಿನ ಭಾಗದಲ್ಲಿದೆ. 1896ರಲ್ಲಿ ಮಧ್ಯಪ್ರಾಂತದಲ್ಲಿ ದೊಡ್ಡ ಬರ ಬಿದ್ದಿತು. ಹಸಿದ ಹುಡುಗಿಯರನ್ನು ದುಷ್ಟರು ಕೊಂಡೊಯ್ಯುತ್ತಿದ್ದಾರೆಂಬ ಸುದ್ದಿ ಬಂದಿತು. ಬೋಸ್ಟನ್ನಿನವರ ಹತ್ತು ವರ್ಷದ ಸಹಾಯವು ಮುಗಿಯುತ್ತ ಬಂದಿತ್ತು, ಕೈಯಲ್ಲಿ ಹಣವಿಲ್ಲ. ಅದಕ್ಕಿಂತ ಹೆಚ್ಚಿನ ಅಡ್ಡಿಯೊಂದಿತ್ತು. ಬರವೆಂಬುದು ಅವರಿಗೆ ಬರಿಯ ಸುದ್ದಿಯಾಗಿರಲಿಲ್ಲ. ತಂದೆ, ತಾಯಿ, ಅಕ್ಕ ಮೂವರೂ ಅದರ ಬಾಯಿಗೆ ಹೋಗಿದ್ದರು. ಬೆಂಕಿಯಲ್ಲಿ ಬೆಂದವನು ಹೊಗೆಯನ್ನು ಕಂಡರೂ ಹಿಂದೆ ಸರಿಯುತ್ತಾನಷ್ಟೆ. ಇಪ್ಪತ್ತು ವರ್ಷಗಳ ಹಿಂದೆ ತಾವು ಅನುಭವಿಸಿದ ಹಸಿವೆಯು ನೆನಪಿಗೆ ಬಂದು ಮನಸ್ಸು ಕಲಕಿತೆಂದು ಅವರೇ ಬರೆದಿದ್ದಾರೆ. ಆದರೂ ಹೊರಟರು. ಮೂವತ್ತೆಂಟು ವಯಸ್ಸಿನ, ಕಿವಿ ಸರಿಯಾಗಿ ಕೇಳಿಸದ ಆ ವಿಧವೆಯು ಬರಗಾಲದ ಶಿಬಿರಗಳನ್ನು ಹೊಕ್ಕು, ಎಲುಬಿನ ಹಂದರವಾಗಿದ್ದ ಹುಡುಗಿಯರನ್ನು ಆರಿಸಿ ರೈಲಿನಲ್ಲಿ ಕೂರಿಸಿಕೊಂಡು ಕರೆತಂದರು. ತಾನು ಯಾವುದಕ್ಕೆ ಅತ್ಯಂತ ಹೆದರುತ್ತಿದ್ದಳೋ ಅದರ ಬಳಿಗೇ ತಿರುಗಿ ನಡೆದುಹೋದಳು. ಇದನ್ನೋದಿದ ದಿನ ನಾನು ಪುಸ್ತಕವನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಧೈರ್ಯವು ಮೊದಲು ಬಂದು, ಆಮೇಲೆ ಆಕೆ ಹೊರಟಳೆಂದು ಎಲ್ಲಿಯೂ ಬರೆದಿಲ್ಲ. ಕರೆಯುವವನು ಅಲ್ಲಿಯೇ ಇದ್ದಾನೆಂಬ ನಂಬಿಕೆಯಿಂದ ಹೊರಟಳು. ಧೈರ್ಯವು ದಾರಿಯಲ್ಲಿ ಕೂಡಿಕೊಂಡಿತು.

ಹುಡುಗಿಯರನ್ನು ಕರೆತಂದ ಕೂಡಲೆ ಪುಣೆಯಲ್ಲಿ ಪ್ಲೇಗು ಹಬ್ಬಿತು. ಊರೊಳಗೆ ಹೊಸಬರನ್ನು ಇಟ್ಟುಕೊಳ್ಳಕೂಡದೆಂದು ಅಧಿಕಾರಿಗಳ ಕಟ್ಟಪ್ಪಣೆಯಾಯಿತು. ಪುಣೆಯಿಂದ ಸುಮಾರು 34 ಮೈಲಿ ದೂರದ ಕೇಡಗಾಂವಿಯಲ್ಲಿ ಅವರು ಮೊದಲೇ ಕೊಂಡಿದ್ದ ಹೊಲದಲ್ಲಿ ಡೇರೆಗಳನ್ನು ಹೊಡೆದು ಮಕ್ಕಳನ್ನು ಇಳಿಸಿದರು. ಹೀಗೆ “ಮುಕ್ತಿ”ಯು ಪ್ರಾರಂಭವಾಯಿತು. ಅದೇ 1897ರಲ್ಲಿ, ಸರಕಾರದ ಪ್ಲೇಗು ಶಿಬಿರಗಳಲ್ಲಿ ಹೆಂಗಸರಿಗಾಗುತ್ತಿದ್ದ ಅನ್ಯಾಯವನ್ನು ಕುರಿತು ಅವರು ಮುಂಬಯಿಯ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಆಳುವವರೂ ಕ್ರೈಸ್ತರು, ತಾನೂ ಕ್ರೈಸ್ತಳು, ಆದುದರಿಂದ ಸುಮ್ಮನಿರಬೇಕೆಂದು ಅವರಿಗೆ ತೋರಲಿಲ್ಲ.

1900ರ ಹೊತ್ತಿಗೆ ಗುಜರಾತಿನ ಬರದ ಮಕ್ಕಳೂ ಸೇರಿ ಮುಕ್ತಿಯಲ್ಲಿ ಸುಮಾರು 1,500 ಜನರಾದರು. ಅಲ್ಲಿಯ ಏರ್ಪಾಟನ್ನು ನೋಡಿದರೆ ಆ ತಿರುಪತಿಯ ಕಾಡು ನೆನಪಿಗೆ ಬರುತ್ತದೆ. ಯಾವ ಹುಡುಗಿಯೂ ಅಕ್ಷರವನ್ನು ಮಾತ್ರ ಕಲಿತರೆ ಸಾಲದು, ಕೈಕೆಲಸವನ್ನೂ ಕಲಿಯಬೇಕು: ನೇಯ್ಗೆ, ಹೊಲಿಗೆ, ಗಾಣ, ಹೈನು, ಒಕ್ಕಲುತನ, ಅಡಿಗೆ, ಮುದ್ರಣ. ಕುರುಡಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿ, ಬುಟ್ಟಿ ಹೆಣೆಯುವ ಕೆಲಸ. ಮೋಸಹೋದ ಹೆಂಗಸರಿಗೆ ಕೃಪಾಸದನವೆಂಬ ಬೇರೆ ಮನೆ. ಕೂಲಿ ಮಾಡಲು ನಾಚಿ ತನ್ನವರು ಸತ್ತುದನ್ನು ಕಂಡವಳು ತನ್ನ ಮಕ್ಕಳಿಗೆ ಆ ನಾಚಿಕೆಯನ್ನು ಉಳಿಸಲಿಲ್ಲ. ಅಲ್ಲಿ ಬೆಳೆದವರಲ್ಲಿ ಬಹುಮಂದಿ ಕ್ರೈಸ್ತರಾದರೆಂಬುದು ದಿಟ. ಆ ಕುರಿತು ನನ್ನ ಮಾತನ್ನು ಆಗಲೇ ಹೇಳಿದ್ದೇನೆ. ಅವರು ಬದುಕಿದರೆಂಬುದೂ ದಿಟ.

ನಮ್ಮ ಸೀಮೆಗೂ ಇದರ ಒಂದು ಎಳೆ ಬಂದು ಮುಟ್ಟಿದೆ. ಮಗಳಾದ ಮನೋರಮಾಬಾಯಿಯವರು ಓದು ಮುಗಿಸಿ ತಾಯಿಯ ಬಲಗೈಯಾಗಿದ್ದರು. 1912ರಲ್ಲಿ, ಅಂದು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರ್ಗಿಯಲ್ಲಿ ಒಂದು ಶಾಲೆಯೇರ್ಪಟ್ಟು, ಅವರು ಅದರ ಮುಖ್ಯಾಧ್ಯಾಪಿಕೆಯಾದರು. ತಾಯಿಯ ತರುವಾಯ ಮುಕ್ತಿಯ ಭಾರವು ಅವರದೇ ಎಂದು ಎಲ್ಲರೂ ತಿಳಿದಿದ್ದರು.

ರಮಾಬಾಯಿಯವರು ಕೊನೆಯ ಹದಿನೈದು ವರ್ಷಗಳಿಗೂ ಹೆಚ್ಚುಕಾಲ ಬೈಬಲನ್ನು ಮರಾಠಿಗೆ ತರುವುದರಲ್ಲಿ ತೊಡಗಿದ್ದರು. ಅದಕ್ಕಾಗಿಯೇ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಬಿರುದು ಪಡೆದ ಸಂಸ್ಕೃತ ಪಂಡಿತೆಯು ಪಂಡಿತರ ಮಾತುಗಳನ್ನೆಲ್ಲ ಬದಿಗಿಟ್ಟು, ಹಳ್ಳಿಯ ಹೆಂಗಸು ಬೀಸುವ ಕಲ್ಲಿನ ಮುಂದೆ ಕುಳಿತು ಕೇಳಿದರೂ ತಿಳಿಯುವ ಮಾತುಗಳನ್ನೇ ಹುಡುಕಿದರು. 1921ರ ಜುಲೈ ತಿಂಗಳಲ್ಲಿ ಮನೋರಮೆ ತೀರಿಕೊಂಡಳು, ನಲವತ್ತು ವಯಸ್ಸು. ಬೆತ್ತದ ಪೆಟ್ಟಿಗೆಯಲ್ಲಿ ಲೋಕಯಾತ್ರೆಗೆ ಹೊರಟ ಆ ಕೂಸಿಗೆ ಕೊನೆಯದಾಗಿ ಉಳಿದಿದ್ದ ರಕ್ತಸಂಬಂಧವೂ ಹೋಯಿತು. ಈ ಭಾಗಕ್ಕೆ ಬಂದಾಗ, ನಾನೂ ಒಬ್ಬ ಮಗಳ ತಂದೆಯಾದುದರಿಂದ, ಆ ತಾಯಿಯು ಮರುದಿನ ಏನು ಮಾಡಿದಳೆಂಬುದನ್ನು ತಿಳಿಯಲು ಆತುರಪಟ್ಟೆನು. ಅವರು ಮುಕ್ತಿಯ ಕೆಲಸವನ್ನೂ ನಿಲ್ಲಿಸಲಿಲ್ಲ, ಅಚ್ಚಿನ ಕರಡನ್ನು ತಿದ್ದುವುದನ್ನೂ ನಿಲ್ಲಿಸಲಿಲ್ಲ. ಒಂಬತ್ತು ತಿಂಗಳಾಗುವುದರೊಳಗೆ, ಕೊನೆಯ ಕರಡನ್ನೂ ತಿದ್ದಿ, 1922ರ ಏಪ್ರಿಲ್ 5ರಂದು ದೇಹವನ್ನು ಬಿಟ್ಟರು. ಪುಸ್ತಕವು ಹೊರಬಂದುದು 1924ರಲ್ಲಿ. ಅದರ ಮೊಳೆಗಳನ್ನು ಜೋಡಿಸಿದವರು, ಅಚ್ಚುಹಾಕಿದವರು ಮುಕ್ತಿಯ ಹೆಣ್ಣುಮಕ್ಕಳೇ.

ನನ್ನ ಮಗಳು ಹೋದ ಆರನೆಯ ತಿಂಗಳಿನಲ್ಲಿ, ಪೂಜ್ಯರು ನನ್ನನ್ನು ಕರೆಸಿ, ಬೇರೇನೂ ಹೇಳದೆ, ಪ್ರಸಾದನಿಲಯದ ಚಿಕ್ಕ ಮಕ್ಕಳಿಗೆ ಸಂಜೆಯ ಪಾಠ ಹೇಳಿರೆಂದು ಅಪ್ಪಣೆ ಮಾಡಿದರು. ನನ್ನ ಮನೆಯವಳಿಗೆ ಅಲ್ಲಿಯ ಉಗ್ರಾಣದ ಬೀಗದಕೈ ಬಂದಿತು. ಅವಳು ಈಗಲೂ ಅಲ್ಲಿಯೇ ಇದ್ದಾಳೆ. ಈ ಸಭೆಗೆ ಬಂದು ಕುಳಿತುಕೊಳ್ಳಲು ಅವಳಿಗೆ ಬಿಡುವಾಗಲಿಲ್ಲ, ಏಕೆಂದರೆ ತಾವೆಲ್ಲರೂ ಈಗ ಪ್ರಸಾದಕ್ಕೆ ಏಳುವಿರಿ.